ಕೋಳಿಗಳ ಲೆಕ್ಕ ಇಟ್ಟ ವೈದ್ಯ: ಡಾ. ಕ್ರಿಸ್ಟಿಯಾನ್ ಐಕ್‌ಮನ್

ಕಳೆದ ಬೇಸಿಗೆ ರಜೆಯಲ್ಲಿ ಪಾಪಿನಾಯಕನಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ಒಂಬತ್ತು ದಿನಗಳೊಳಗೆ ಐದು ಜವಾರಿ ಕೋಳಿಗಳು ಸತ್ತವು. ಇದ್ದದ್ದೇ ಏಳು ಹೇಂಟೆ, ಒಂದು ಹುಂಜ. ಅವುಗಳನ್ನು ಸಾಕಿದವರು ನಮ್ಮ ದಾದಿ, ಅಂದರೆ ಅಬ್ಬಾನ ತಾಯಿ. ಮೊಟ್ಟೆ ಮಾರಿದ ದುಡ್ಡನ್ನು ದಾದಿ ಒಂದು ಹಳೆಯ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ನನ್ನ ಬಸ್ ಪಾಸು, ನೋಟ್‌ಬುಕ್ಕು, ಪರೀಕ್ಷೆಯ ಫೀಸಿನ ಒಂದು ಪಾಲು ಬರುತ್ತಿದ್ದುದು ಆ ಡಬ್ಬಿಯಿಂದಲೇ. ಆ ದಿನಗಳಲ್ಲಿ ಬೆಳಿಗ್ಗೆ ಎದ್ದು ಬುಟ್ಟಿ ಎತ್ತಲು ದಾದಿಗೆ ಕೈ ಬರುತ್ತಿರಲಿಲ್ಲ.

ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಬಿಸಿಲು ಎಂದರು, ಅದಿರು ಲಾರಿಗಳ ಕೆಂಪು ಧೂಳು ಎಂದರು, ಯಾರದೋ ದೃಷ್ಟಿ ಎಂದರು. ನಾನು ಹೇಳಿದ ಕಾರಣ ಇವೆಲ್ಲಕ್ಕಿಂತ ಕೆಟ್ಟದ್ದು. ಪಕ್ಕದ ಮನೆಯ ಅಜ್ಜಿ ತಮ್ಮ ಗೋಡೆಯ ಬುಡದಲ್ಲಿ ಇಲಿ ಪಾಷಾಣ ಇಟ್ಟಿದ್ದನ್ನು ನಾನು ನೋಡಿದ್ದೆ. ನಮ್ಮ ಕೋಳಿಗಳು ಅವರ ಕೊತ್ತಂಬರಿ ಮಡಿಯನ್ನು ಕೆದರುತ್ತವೆ ಎಂದು ಅವರು ಬೈದಿದ್ದನ್ನೂ ಕೇಳಿದ್ದೆ. ಎರಡನ್ನೂ ಕೂಡಿಸಿ ಉತ್ತರ ಬರೆದುಬಿಟ್ಟೆ. ಸಂಜೆಯಷ್ಟರಲ್ಲಿ ಮಾತು ಗೋಡೆ ದಾಟಿತು. ಹಬ್ಬಕ್ಕೆ ಶೀರ್‌ಖುರ್ಮಾ ಅತ್ತ, ಯುಗಾದಿಗೆ ಹೋಳಿಗೆ ಇತ್ತ ಹೋಗಿಬರುತ್ತಿದ್ದ ಎರಡು ಮನೆಗಳ ನಡುವೆ ಮಾತು ನಿಂತಿತು.

ಈ ಕಥೆಯ ಉಳಿದ ಭಾಗವನ್ನು ಕೊನೆಯಲ್ಲಿ ಹೇಳುತ್ತೇನೆ. ಕಾಲೇಜು ಶುರುವಾದ ಮೇಲೆ ಗ್ರಂಥಾಲಯದಲ್ಲಿ ನೊಬೆಲ್ ಪ್ರಶಸ್ತಿ ಪಡೆದವರ ಬಗ್ಗೆ ಓದುವಾಗ ಒಬ್ಬ ವೈದ್ಯರ ಹೆಸರು ಸಿಕ್ಕಿತು. ಅವರ ಆಸ್ಪತ್ರೆಯ ಹಿತ್ತಲಲ್ಲೂ ಕೋಳಿಗಳು ಕಾರಣ ತಿಳಿಯದೆ ಸಾಯುತ್ತಿದ್ದವು. ಅವರು ಏನು ಮಾಡಿದರು, ಎಲ್ಲಿ ಸರಿಯಾದರು, ಎಲ್ಲಿ ತಪ್ಪಿದರು ಎಂಬುದನ್ನು ನಮ್ಮ ಪತ್ರಿಕೆಯ ಓದುಗರಿಗೆ ಹೇಳಬೇಕೆನಿಸಿತು. ವಿಜ್ಞಾನ ವಿಭಾಗದ ಗೆಳೆಯರಿಗೆ ಇವರ ಹೆಸರು ಗೊತ್ತಿರಬಹುದು. ನಮ್ಮ ವಾಣಿಜ್ಯ ವಿಭಾಗದವರಿಗೂ ಇವರು ಬೇಕಾದವರೇ, ಏಕೆಂದರೆ ಇವರ ಕಥೆಯೆಲ್ಲ ನಡೆಯುವುದು ಲೆಕ್ಕದ ಮೇಲೆ.

ಮಾಸ್ತರರ ಮಗ

ಕ್ರಿಸ್ಟಿಯಾನ್ ಐಕ್‌ಮನ್ ಹುಟ್ಟಿದ್ದು 1858ರ ಆಗಸ್ಟ್ 11ರಂದು, ನೆದರ್‌ಲ್ಯಾಂಡ್ಸ್ ದೇಶದ ನೈಕರ್ಕ್ ಎಂಬ ಸಣ್ಣ ಊರಿನಲ್ಲಿ. ತಂದೆ ಶಾಲಾ ಮಾಸ್ತರರು. ಕ್ರಿಸ್ಟಿಯಾನ್ ಅವರ ಏಳನೆಯ ಮಗು. ಅಷ್ಟು ಮಕ್ಕಳಿರುವ ಮಾಸ್ತರರ ಮನೆಯಲ್ಲಿ ವೈದ್ಯಕೀಯ ಓದಿಸುವುದು ಸುಲಭವಲ್ಲ. 1875ರಲ್ಲಿ ಅವರು ಆಮ್‌ಸ್ಟರ್‌ಡ್ಯಾಮಿನ ಸೇನಾ ವೈದ್ಯಕೀಯ ಶಾಲೆ ಸೇರಿದರು. ಅಲ್ಲಿ ಓದಿದವರು ಆಮೇಲೆ ಡಚ್ಚರ ವಸಾಹತಿನ ಸೇನೆಯಲ್ಲಿ ವೈದ್ಯರಾಗಿ ಕೆಲಸ ಮಾಡಬೇಕಿತ್ತು. ಆ ವಸಾಹತೇ ಇಂದಿನ ಇಂಡೋನೇಷ್ಯಾ.

1883ರಲ್ಲಿ ಡಾಕ್ಟರೇಟ್ ಮುಗಿಸಿ, ಅದೇ ವರ್ಷ ಮದುವೆಯಾಗಿ, ಹಡಗು ಹತ್ತಿದರು. ಜಾವಾ ಮತ್ತು ಸುಮಾತ್ರಾ ದ್ವೀಪಗಳಲ್ಲಿ ಕೆಲಸ ಮಾಡಿದರು. ಆದರೆ ಮಲೇರಿಯಾ ಅವರನ್ನು ಹಿಂಡಿತು. 1885ರಲ್ಲಿ ಕಾಯಿಲೆ ಬಿದ್ದು ಊರಿಗೆ ಮರಳಿದರು. ಮರುವರ್ಷವೇ ಹೆಂಡತಿ ತೀರಿಕೊಂಡರು. ಆಗ ಅವರಿಗೆ ಇನ್ನೂ ಇಪ್ಪತ್ತೆಂಟು ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬಿತ್ತು. ಆರೋಗ್ಯ ಕೆಟ್ಟಿತ್ತು, ಮನೆ ಖಾಲಿಯಾಗಿತ್ತು. ಇಂಥ ಹೊತ್ತಿನಲ್ಲಿ ಅವರು ಬರ್ಲಿನ್ನಿಗೆ ಹೋಗಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯ ಸೇರಿದರು. ಕ್ಷಯ ರೋಗದ ಕ್ರಿಮಿಯನ್ನು 1882ರಲ್ಲಿ ಕಂಡುಹಿಡಿದು ಜಗತ್ತನ್ನೇ ಬೆರಗುಗೊಳಿಸಿದ್ದ ಕಾಖ್ ಅವರೇ ಇವರು. ಪ್ರತಿ ರೋಗಕ್ಕೂ ಒಂದು ಕ್ರಿಮಿ ಇರಲೇಬೇಕು, ಸೂಕ್ಷ್ಮದರ್ಶಕ ಹಿಡಿದು ಹುಡುಕಿದರೆ ಸಿಗಲೇಬೇಕು ಎಂಬ ನಂಬಿಕೆ ಆ ಕಾಲದಲ್ಲಿ ಎಷ್ಟೋ ವೈದ್ಯರಲ್ಲಿ ಇತ್ತು. ಐಕ್‌ಮನ್ ಅವರೂ ಆ ನಂಬಿಕೆಯನ್ನೇ ಕಲಿತರು.

ಕಾಲು ಕಸಿಯುವ ರೋಗ

ಆಗ ಜಾವಾದಲ್ಲಿ ಬೆರಿಬೆರಿ ಎಂಬ ರೋಗ ಹಾವಳಿ ಎಬ್ಬಿಸಿತ್ತು. ಮೊದಲು ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ, ಆಮೇಲೆ ಏಳಲಾಗುವುದಿಲ್ಲ. ಕೆಲವರಿಗೆ ಮೈಯೆಲ್ಲ ಬಾತು ಹೃದಯ ಸೋತು ಸಾವು ಬರುತ್ತದೆ. ಸೈನಿಕರು, ಹಡಗಿನ ಕೆಲಸಗಾರರು, ಜೈಲಿನ ಕೈದಿಗಳು ಹೆಚ್ಚು ಬಲಿಯಾಗುತ್ತಿದ್ದರು. ಸುಮಾತ್ರಾದ ಆಚೆ ಪ್ರದೇಶದ ಜನರೊಡನೆ ಡಚ್ಚರು ವರ್ಷಗಟ್ಟಲೆ ಯುದ್ಧ ಮಾಡುತ್ತಿದ್ದರು. ಸೈನಿಕರು ಹೀಗೆ ಮಲಗಿಬಿಟ್ಟರೆ ಯುದ್ಧ ಮಾಡುವವರು ಯಾರು? ಸರ್ಕಾರಕ್ಕೆ ಚಿಂತೆ ಹತ್ತಿದ್ದು ಅದಕ್ಕೇ. ಈ ಮಾತನ್ನು ಮುಚ್ಚಿಡಬಾರದು. ಬಡವರ ಮೇಲಿನ ಕರುಣೆಯಿಂದಲೇ ಈ ಸಂಶೋಧನೆ ಶುರುವಾಗಲಿಲ್ಲ.

1886ರಲ್ಲಿ ಪೆಕೆಲ್‌ಹಾರಿಂಗ್ ಮತ್ತು ವಿಂಕ್ಲರ್ ಎಂಬ ಇಬ್ಬರು ತಜ್ಞರನ್ನು ಸರ್ಕಾರ ಜಾವಾಕ್ಕೆ ಕಳಿಸಿತು. ಐಕ್‌ಮನ್ ಅವರ ಜೊತೆ ಸೇರಿ ಮತ್ತೆ ಹಡಗು ಹತ್ತಿದರು. ತಜ್ಞರು ರೋಗಿಗಳ ರಕ್ತದಲ್ಲಿ ಒಂದು ಕ್ರಿಮಿಯನ್ನು ಕಂಡೆವೆಂದು ತಿಳಿದು, ಸೈನಿಕರ ವಸತಿಗಳನ್ನು ಔಷಧಿಯಿಂದ ತೊಳೆಯಲು ಸಲಹೆ ಕೊಟ್ಟು 1887ರಲ್ಲಿ ಮರಳಿದರು. ಹಿಂದೆ ಉಳಿದವರು ಐಕ್‌ಮನ್. 1888ರ ಜನವರಿಯಲ್ಲಿ ಅವರನ್ನು ಬಟೇವಿಯಾ, ಅಂದರೆ ಇಂದಿನ ಜಕಾರ್ತಾದ ಸೇನಾ ಆಸ್ಪತ್ರೆಯಲ್ಲಿದ್ದ ಪುಟ್ಟ ಪ್ರಯೋಗಾಲಯದ ಮುಖ್ಯಸ್ಥರನ್ನಾಗಿ ಮಾಡಲಾಯಿತು. ಅಲ್ಲಿನ ಜಾವಾ ಹುಡುಗರಿಗೆ ವೈದ್ಯ ಶಿಕ್ಷಣ ಕೊಡುವ ಶಾಲೆಯ ಹೊಣೆಯೂ ಅವರ ಹೆಗಲಿಗೆ ಬಿತ್ತು. ಅದೇ ವರ್ಷ ಅವರು ಎರಡನೆಯ ಮದುವೆಯಾದರು.

ಬೆರಿಬೆರಿ ಕ್ರಿಮಿಯನ್ನು ಪ್ರಾಣಿಗಳಿಗೆ ಚುಚ್ಚಿ, ರೋಗ ಬರುತ್ತದೆಯೇ ಎಂದು ನೋಡುವುದು ಅವರ ಯೋಜನೆ. ಕೋಳಿ ಅಗ್ಗ, ಸಾಕಲು ಜಾಗವೂ ಕಡಿಮೆ ಸಾಕು. ಆದ್ದರಿಂದ ಆಸ್ಪತ್ರೆಯ ಆವರಣದಲ್ಲಿ ಕೋಳಿಗಳನ್ನು ತಂದು ಇಟ್ಟರು.

ಅಡುಗೆಯವನು ಬದಲಾದ

1889ರ ಜುಲೈ 10ರಂದು ಕೋಳಿಗಳಲ್ಲಿ ಒಂದು ವಿಚಿತ್ರ ಕಾಯಿಲೆ ಕಾಣಿಸಿತು. ಕೋಳಿ ತೂರಾಡುತ್ತ ನಡೆಯುತ್ತಿತ್ತು, ಗೂಟದ ಮೇಲೆ ಹತ್ತಿದರೆ ಬೀಳುತ್ತಿತ್ತು. ಒಂದೆರಡು ದಿನಗಳಲ್ಲಿ ಕಾಲು ಮಡಿಸಿಕೊಂಡು ಮಲಗಿಬಿಡುತ್ತಿತ್ತು. ಸೋಲು ಕಾಲಿನಿಂದ ಮೇಲಕ್ಕೆ ಏರಿ ರೆಕ್ಕೆ, ಕುತ್ತಿಗೆ ಮುಟ್ಟುತ್ತಿತ್ತು. ಉಸಿರಾಟ ಕಷ್ಟವಾಗಿ, ಜುಟ್ಟು ನೀಲಿಗಟ್ಟಿ ಸಾಯುತ್ತಿತ್ತು. ನರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆರಿಬೆರಿ ರೋಗಿಗಳ ನರಗಳಂತೆಯೇ ಕೆಟ್ಟಿದ್ದವು.

ಕ್ರಿಮಿ ಸಿಕ್ಕೇಬಿಟ್ಟಿತು ಎಂದು ಯಾರಾದರೂ ಕುಣಿದಾಡಬಹುದಾಗಿತ್ತು. ಆದರೆ ಐಕ್‌ಮನ್ ಅವರು ಚುಚ್ಚದೆ ಬಿಟ್ಟಿದ್ದ ಕೋಳಿಗಳನ್ನೂ ನೋಡುತ್ತಿದ್ದರು. ಹೋಲಿಕೆಗೆಂದು ಇಟ್ಟಿದ್ದ ಆ ಕೋಳಿಗಳಿಗೂ ಅದೇ ಕಾಯಿಲೆ ಬಂದಿತ್ತು. ಚುಚ್ಚಿದ್ದಕ್ಕೂ ಚುಚ್ಚದ್ದಕ್ಕೂ ವ್ಯತ್ಯಾಸವೇ ಇರಲಿಲ್ಲ. ಬಹುಶಃ ಜಾಗವೇ ಕೆಟ್ಟಿದೆ, ಒಂದರಿಂದ ಒಂದಕ್ಕೆ ಅಂಟುತ್ತಿದೆ ಎಂದು ಭಾವಿಸಿ ಉಳಿದವನ್ನು ಬೇರೆ ಕಡೆಗೆ ಸಾಗಿಸಿದರು. ಹೊಸ ಕೋಳಿಗಳನ್ನು ತಂದು ಬೇರೆಯಾಗಿ ಇಟ್ಟರು. ಅಷ್ಟರಲ್ಲಿ ನವೆಂಬರ್ ಕೊನೆಯ ದಿನಗಳಲ್ಲಿ ರೋಗ ಹೇಗೆ ಬಂದಿತ್ತೋ ಹಾಗೆಯೇ ನಿಂತುಹೋಯಿತು. ಮಲಗಿದ್ದ ಕೋಳಿಗಳು ಎದ್ದು ಕೆದರತೊಡಗಿದವು. ಹೊಸದಾಗಿ ಯಾವುದಕ್ಕೂ ಕಾಯಿಲೆ ಬರಲಿಲ್ಲ.

ಬೇರೆ ಯಾರೇ ಆಗಿದ್ದರೂ ದೇವರು ದೊಡ್ಡವನು ಎಂದು ಸುಮ್ಮನಾಗುತ್ತಿದ್ದರು. ನಮ್ಮ ಮನೆಯಲ್ಲಾದರೂ ಹಾಗೆಯೇ ಆಗುತ್ತಿತ್ತು. ಐಕ್‌ಮನ್ ಸುಮ್ಮನಾಗಲಿಲ್ಲ. ಈ ನಡುವೆ ಏನು ಬದಲಾಯಿತು ಎಂದು ವಿಚಾರಿಸುತ್ತ ಹೋದರು. ಕೋಳಿಗಳನ್ನು ನೋಡಿಕೊಳ್ಳುವ ನೌಕರನನ್ನು ಕೇಳಿದಾಗ ಒಂದು ಸಂಗತಿ ಹೊರಬಿತ್ತು. ಅವನು ಖರ್ಚು ಉಳಿಸಲು ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಅನ್ನವನ್ನು ತಂದು ಕೋಳಿಗಳಿಗೆ ಹಾಕುತ್ತಿದ್ದ. ಅದು ರೋಗಿಗಳಿಗೆಂದು ಮಾಡಿದ, ಚೆನ್ನಾಗಿ ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ. ಆಮೇಲೆ ಅಡುಗೆಯವನು ಬದಲಾದ. ಹೊಸಬ ಕಟ್ಟುನಿಟ್ಟಿನ ಮನುಷ್ಯ. ಸೇನೆಯ ಅಕ್ಕಿಯನ್ನು ಸೇನೆಗೆ ಸೇರದ ಕೋಳಿಗಳಿಗೆ ಕೊಡಲು ಒಪ್ಪಲಿಲ್ಲ. ನೌಕರ ವಿಧಿಯಿಲ್ಲದೆ ಮತ್ತೆ ಹಳೆಯ ಮೇವನ್ನೇ, ಅಂದರೆ ಪಾಲಿಶ್ ಮಾಡದ ಅಗ್ಗದ ಅಕ್ಕಿಯನ್ನೇ ಹಾಕತೊಡಗಿದ.

ಅನ್ನ ಹಾಕಲು ಶುರು ಮಾಡಿದ್ದು ಜೂನ್ 17ರಂದು, ನಿಲ್ಲಿಸಿದ್ದು ನವೆಂಬರ್ 27ರಂದು. ರೋಗ ಕಂಡದ್ದು ಜುಲೈ 10ರಂದು, ಹೋದದ್ದು ನವೆಂಬರ್ ಕೊನೆಯಲ್ಲಿ. ಈ ನಾಲ್ಕು ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಬಿಳಿ ಅನ್ನ ಶುರುವಾದ 23ನೆಯ ದಿನಕ್ಕೆ ರೋಗ ಬಂದಿದೆ. ಅನ್ನ ನಿಂತೊಡನೆ ರೋಗ ಹೋಗಿದೆ. ನಮ್ಮ ಲೆಕ್ಕಶಾಸ್ತ್ರದ ತರಗತಿಯಲ್ಲಿ ಜಮಾ ಖರ್ಚು ತಾಳೆಯಾಗದಿದ್ದರೆ ಮೊದಲು ತಾರೀಖುಗಳನ್ನು ನೋಡಿ ಎನ್ನುತ್ತಾರಲ್ಲ, ಅದೇ ಕೆಲಸ ಇದು.

ತೌಡಿನ ಬೆಲೆ

ತಾರೀಖುಗಳು ತಾಳೆಯಾದ ಮಾತ್ರಕ್ಕೆ ಸಾಬೀತಾಗುವುದಿಲ್ಲ. ಅದೇ ತಿಂಗಳು ಗಾಳಿ ಬದಲಾಗಿರಬಹುದು, ಮಳೆ ಬಂದಿರಬಹುದು. ಆದ್ದರಿಂದ ಅವರು ರೋಗವನ್ನು ತಾವೇ ಬರಿಸಿ, ತಾವೇ ಕಳೆಯಲು ಹೊರಟರು. ಕೆಲವು ಕೋಳಿಗಳಿಗೆ ಬರೀ ಬಿಳಿ ಅಕ್ಕಿ, ಕೆಲವಕ್ಕೆ ತೌಡು ತೆಗೆಯದ ಅಕ್ಕಿ. ಬಿಳಿ ಅಕ್ಕಿ ತಿಂದವು ಕೆಲವೇ ವಾರಗಳಲ್ಲಿ ಕಾಲು ಕಳೆದುಕೊಂಡವು, ಉಳಿದವು ಚೆನ್ನಾಗಿದ್ದವು. ಬೇಯಿಸಿದ್ದರಿಂದ ಹೀಗಾಯಿತೇ ಎಂದು ಹಸಿ ಬಿಳಿ ಅಕ್ಕಿ ಕೊಟ್ಟು ನೋಡಿದರು, ಅದರಿಂದಲೂ ರೋಗ ಬಂತು. ಕೊನೆಗೆ ಬಿಳಿ ಅಕ್ಕಿಯ ಜೊತೆಗೆ ಮಿಲ್ಲಿನಲ್ಲಿ ಕಳೆದುಹೋದ ತೌಡನ್ನೇ ಬೆರೆಸಿ ಕೊಟ್ಟರು. ರೋಗ ಬರಲಿಲ್ಲ. ಬಂದಿದ್ದ ಕೋಳಿಗಳೂ ಎದ್ದು ನಿಂತವು.

ನಮ್ಮ ಕಂಪ್ಲಿ, ಗಂಗಾವತಿ ಕಡೆಯ ರೈಸ್ ಮಿಲ್ಲುಗಳನ್ನು ನೋಡಿದವರಿಗೆ ತೌಡು ಹೊಸದಲ್ಲ. ಭತ್ತದ ಹೊಟ್ಟು ಬೇರೆ, ತೌಡು ಬೇರೆ. ಹೊಟ್ಟು ಒಲೆಗೆ, ತೌಡು ದನಗಳಿಗೆ ಮತ್ತು ಎಣ್ಣೆ ತೆಗೆಯಲು. ಅಕ್ಕಿಯ ಮೈಗೆ ಅಂಟಿಕೊಂಡಿರುವ ಆ ತೆಳು ಪೊರೆಯನ್ನು ಉಜ್ಜಿ ತೆಗೆದಷ್ಟೂ ಅಕ್ಕಿ ಬೆಳ್ಳಗಾಗುತ್ತದೆ, ಬೆಲೆ ಏರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಯಂತ್ರದ ಮಿಲ್ಲುಗಳು ಏಷ್ಯಾಕ್ಕೆ ಬಂದ ಮೇಲೆ ಹೀಗೆ ಉಜ್ಜುವುದು ಸುಲಭವಾಯಿತು, ಬೆರಿಬೆರಿಯೂ ಹೆಚ್ಚಿತು. ಒನಕೆಯಿಂದ ಕುಟ್ಟಿದ ಅಕ್ಕಿಯಲ್ಲಿ ತೌಡು ಒಂದಿಷ್ಟು ಉಳಿಯುತ್ತಿತ್ತು.

ಜೈಲುಗಳ ಲೆಕ್ಕ

ಆದರೆ ಕೋಳಿ ಕೋಳಿಯೇ, ಮನುಷ್ಯ ಮನುಷ್ಯನೇ. ಕೋಳಿಗೆ ಬಂದದ್ದು ಬೆರಿಬೆರಿಯೇ ಎಂದು ಹೇಗೆ ಹೇಳುವುದು? ಎಷ್ಟೋ ವೈದ್ಯರು ಇದನ್ನು ಒಪ್ಪಲಿಲ್ಲ. ಕೋಟ್ಯಂತರ ಜನ ತಿನ್ನುವ ಅನ್ನದಿಂದ ರೋಗ ಬರುತ್ತದೆ ಎನ್ನುವುದು ಅವರಿಗೆ ನಗುವಂತೆ ಕಂಡಿತು.

ಐಕ್‌ಮನ್ ಅವರು ಜಾವಾದ ವೈದ್ಯಕೀಯ ಇಲಾಖೆಯ ಅಧಿಕಾರಿ ಅಡಾಲ್ಫ್ ವೋರ್ಡರ್‌ಮನ್ ಅವರ ನೆರವು ಕೇಳಿದರು. ಜಾವಾದ ಜೈಲುಗಳಲ್ಲಿ ಆಯಾ ಊರಿನ ರೂಢಿಯಂತೆ ಬೇರೆ ಬೇರೆ ಅಕ್ಕಿ ಕೊಡುತ್ತಿದ್ದರು. ಕೆಲವೆಡೆ ಬಿಳಿ, ಕೆಲವೆಡೆ ತೌಡಿನ ಅಕ್ಕಿ, ಕೆಲವೆಡೆ ಎರಡೂ ಬೆರೆತದ್ದು. ವೋರ್ಡರ್‌ಮನ್ ಜೈಲು ಜೈಲು ತಿರುಗಿ ಅಕ್ಕಿಯ ಮಾದರಿ ತಂದರು, ರೋಗಿಗಳ ಲೆಕ್ಕ ತಂದರು. ಒಟ್ಟು 101 ಜೈಲು, ಸುಮಾರು 2 ಲಕ್ಷ 80 ಸಾವಿರ ಕೈದಿಗಳು.

ಲೆಕ್ಕ ಹೀಗೆ ಬಂತು. ತೌಡಿನ ಅಕ್ಕಿ ಕೊಡುತ್ತಿದ್ದ 37 ಜೈಲುಗಳಲ್ಲಿ ಬೆರಿಬೆರಿ ಇದ್ದದ್ದು 1ರಲ್ಲಿ ಮಾತ್ರ. ಬೆರಕೆ ಅಕ್ಕಿಯ 13 ಜೈಲುಗಳಲ್ಲಿ 6ರಲ್ಲಿ ಇತ್ತು. ಬಿಳಿ ಅಕ್ಕಿಯ 51 ಜೈಲುಗಳಲ್ಲಿ 36ರಲ್ಲಿ ಇತ್ತು. ಶೇಕಡಾವಾರು ನೋಡಿದರೆ 3ಕ್ಕೂ ಕಡಿಮೆ, 46, ಮತ್ತು 71. ಕಟ್ಟಡ ಹಳೆಯದೇ, ಗಾಳಿ ಬೆಳಕು ಇದೆಯೇ, ಕೈದಿಗಳು ಕಿಕ್ಕಿರಿದಿದ್ದಾರೆಯೇ ಎಂಬುದನ್ನೂ ಅವರು ಬರೆದುಕೊಂಡಿದ್ದರು. ಅವು ಯಾವುವೂ ರೋಗದ ಜೊತೆ ತಾಳೆಯಾಗಲಿಲ್ಲ. ತಾಳೆಯಾದದ್ದು ಅಕ್ಕಿ ಒಂದೇ.

ಈ ಅಂಕಿಗಳನ್ನು ನಮ್ಮ ಸಂಖ್ಯಾಶಾಸ್ತ್ರದ ನೋಟ್‌ಬುಕ್ಕಿನಲ್ಲಿ ಕೋಷ್ಟಕವಾಗಿ ಬರೆದುನೋಡಿದೆ. ಮೂರೇ ಸಾಲು. ಆ ಮೂರು ಸಾಲುಗಳ ಹಿಂದೆ ಲಕ್ಷಾಂತರ ಕೈದಿಗಳಿದ್ದಾರೆ. ಅವರಲ್ಲಿ ಹೆಚ್ಚಿನವರು ಆ ದ್ವೀಪದ ಬಡ ಜನ. ಅವರ ಹೆಸರುಗಳು ಎಲ್ಲಿಯೂ ನಮಗೆ ಸಿಗುವುದಿಲ್ಲ. ತಮ್ಮ ತಟ್ಟೆಯ ಅನ್ನವೇ ತಮ್ಮ ಕಾಲು ಕಸಿಯುತ್ತಿದೆ ಎಂದು ತಿಳಿಯದೆಯೇ ಎಷ್ಟೋ ಜನ ಹೋದರು. ಅಂಕಿಗಳನ್ನು ಓದುವಾಗ ಇದನ್ನು ಮರೆಯಬಾರದು ಎನಿಸಿತು.

ಸರಿಯಾದ ಲೆಕ್ಕ, ತಪ್ಪಾದ ವಿವರಣೆ

ಇಷ್ಟೆಲ್ಲ ಮಾಡಿದ ಐಕ್‌ಮನ್ ಒಂದು ಕಡೆ ತಪ್ಪಿದರು. ಬಿಳಿ ಅಕ್ಕಿಯ ಪಿಷ್ಟದಿಂದ ಹೊಟ್ಟೆಯಲ್ಲಿ ಒಂದು ಬಗೆಯ ವಿಷ ಹುಟ್ಟುತ್ತದೆ, ತೌಡಿನಲ್ಲಿ ಅದಕ್ಕೆ ಮದ್ದು ಇದೆ ಎಂದು ಅವರು ತಿಳಿದರು. ಇರುವುದರಿಂದ ರೋಗ ಬರುತ್ತದೆ ಎಂದು ಯೋಚಿಸುವುದು ಸುಲಭ. ಇಲ್ಲದಿರುವುದರಿಂದಲೂ ರೋಗ ಬರಬಹುದು ಎಂಬುದು ಆಗ ಅವರಿಗೆ ಹೊಳೆಯಲಿಲ್ಲ.

ಆರೋಗ್ಯ ಕೆಟ್ಟು 1896ರಲ್ಲಿ ಅವರು ನೆದರ್‌ಲ್ಯಾಂಡ್ಸಿಗೆ ಮರಳಿದರು. ಅದೇ ಪ್ರಯೋಗಾಲಯದಲ್ಲಿ ಕೆಲಸ ಮುಂದುವರಿಸಿದವರು ಗೆರಿಟ್ ಗ್ರೈನ್ಸ್. ಗ್ರೈನ್ಸ್ ಅವರು 1901ರಲ್ಲಿ ಸರಿಯಾದ ಮಾತು ಹೇಳಿದರು. ನರಗಳಿಗೆ ಬೇಕಾದ ಯಾವುದೋ ಒಂದು ವಸ್ತು ತೌಡಿನಲ್ಲಿದೆ. ಉಜ್ಜಿದ ಅಕ್ಕಿಯಲ್ಲಿ ಅದು ಇಲ್ಲ. ಅದಿಲ್ಲದ್ದೇ ರೋಗ. ತಮ್ಮ ಕುರ್ಚಿಯಲ್ಲಿ ಕುಳಿತ ಕಿರಿಯರು ತಮ್ಮ ವಿವರಣೆಯನ್ನು ತಳ್ಳಿಹಾಕಿದಾಗ ಐಕ್‌ಮನ್ ತಕ್ಷಣ ಒಪ್ಪಲಿಲ್ಲ. ಆದರೆ ಪುರಾವೆ ಬೆಳೆದಂತೆ ಒಪ್ಪಿಕೊಂಡರು. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇದು. ಅವರ ವಿವರಣೆ ತಪ್ಪಾಗಿತ್ತು, ಅವರು ಬರೆದಿಟ್ಟ ತಾರೀಖುಗಳು ತಪ್ಪಾಗಿರಲಿಲ್ಲ. ಲೆಕ್ಕ ಪ್ರಾಮಾಣಿಕವಾಗಿದ್ದರಿಂದಲೇ ಮುಂದೆ ಬಂದವರು ತಪ್ಪನ್ನು ತಿದ್ದಲು ಸಾಧ್ಯವಾಯಿತು.

ಜಾವಾದಲ್ಲಿದ್ದಾಗ ಅವರು ಇನ್ನೊಂದು ಕೆಲಸವನ್ನೂ ಮಾಡಿದ್ದರು. ಬಿಸಿ ದೇಶಗಳಲ್ಲಿ ಯುರೋಪಿನವರ ರಕ್ತ ತೆಳುವಾಗುತ್ತದೆ, ಅವರ ಮೈ ಬೇರೆ, ಸ್ಥಳೀಯರ ಮೈ ಬೇರೆ ಎಂಬ ಮಾತು ಆಗ ಬಲವಾಗಿತ್ತು. ಐಕ್‌ಮನ್ ರಕ್ತ ಪರೀಕ್ಷೆ ಮಾಡಿ, ಉಸಿರು ಬೆವರುಗಳನ್ನು ಅಳೆದು ನೋಡಿ, ಅಂಥ ವ್ಯತ್ಯಾಸವೇನೂ ಇಲ್ಲವೆಂದು ತೋರಿಸಿದರು. ಆಳುವವರ ಕಡೆಯವರೇ ಆಗಿದ್ದುಕೊಂಡು ಅವರು ಇದನ್ನು ಬರೆದರು.

ತೌಡಿನಿಂದ ಸಿಕ್ಕ ಹರಳು

1898ರಿಂದ ಐಕ್‌ಮನ್ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಅತ್ತ ಪೂರ್ವದಲ್ಲಿ ಕೆಲಸ ನಿಂತಿರಲಿಲ್ಲ. 1905ರಲ್ಲಿ ಕೌಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯರು ಅರ್ಧ ಜನಕ್ಕೆ ಬಿಳಿ ಅಕ್ಕಿ, ಅರ್ಧ ಜನಕ್ಕೆ ಭಾರತದಿಂದ ಬಂದ ಕುಸುಬಲಕ್ಕಿ ಕೊಟ್ಟು ನೋಡಿದರು. ಬಿಳಿ ಅಕ್ಕಿ ತಿಂದ 120 ಜನರಲ್ಲಿ 34 ಜನಕ್ಕೆ ಬೆರಿಬೆರಿ ಬಂತು, 18 ಜನ ಸತ್ತರು. ಕುಸುಬಲಕ್ಕಿ ತಿಂದ 123 ಜನರಲ್ಲಿ ಇಬ್ಬರಿಗೆ ಮಾತ್ರ ರೋಗವಿತ್ತು, ಯಾರೂ ಸಾಯಲಿಲ್ಲ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ ಒಣಗಿಸಿದಾಗ ತೌಡಿನ ಸತ್ವ ಅಕ್ಕಿಯ ಒಳಗೆ ಇಳಿಯುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ನಮ್ಮ ಕರಾವಳಿಯವರು ಕುಚ್ಚಲಕ್ಕಿ ಎನ್ನುವುದು ಇದನ್ನೇ. ನಮ್ಮ ಹಿಂದಿನವರು ವಿಟಮಿನ್ ಎಂಬ ಹೆಸರು ಕೇಳದೆಯೇ ಅದನ್ನು ಉಳಿಸಿಕೊಂಡಿದ್ದರು.

ವಿಟಮಿನ್ ಎಂಬ ಹೆಸರನ್ನು 1912ರಲ್ಲಿ ಕೊಟ್ಟವರು ಕ್ಯಾಸಿಮಿರ್ ಫಂಕ್. 1926ರಲ್ಲಿ ಬಟೇವಿಯಾದ ಅದೇ ಪ್ರಯೋಗಾಲಯದಲ್ಲಿ ಯಾನ್ಸೆನ್ ಮತ್ತು ಡೊನಾತ್ ಎಂಬ ಇಬ್ಬರು ಸುಮಾರು 300 ಕಿಲೋ ತೌಡಿನಿಂದ ಚಿಟಿಕೆಗೂ ಕಡಿಮೆ ಹರಳುಗಳನ್ನು ಬೇರ್ಪಡಿಸಿದರು. ಒಂದಿಷ್ಟನ್ನು ಉಟ್ರೆಕ್ಟಿನಲ್ಲಿದ್ದ ಐಕ್‌ಮನ್ ಅವರಿಗೆ ಕಳಿಸಿದರು. ಅವರು ಹಕ್ಕಿಗಳ ಮೇಲೆ ಪರೀಕ್ಷಿಸಿ, ತಾವು ಮೂವತ್ತೇಳು ವರ್ಷ ಹಿಂದೆ ಕೋಳಿಗಳಲ್ಲಿ ಕಂಡ ರೋಗಕ್ಕೆ ಮದ್ದು ಇದೇ ಎಂದು ಖಚಿತಪಡಿಸಿದರು. ಇದೇ ಬಿ1 ವಿಟಮಿನ್, ಅಂದರೆ ಥಯಾಮಿನ್. ಅನ್ನ ರೊಟ್ಟಿಗಳ ಪಿಷ್ಟವನ್ನು ಮೈ ಶಕ್ತಿಯಾಗಿ ಮಾಡಿಕೊಳ್ಳಲು ಇದು ಬೇಕೇ ಬೇಕು. ದೇಹದಲ್ಲಿ ಇದರ ದಾಸ್ತಾನು ಕೆಲವೇ ವಾರಗಳಿಗೆ ಸಾಲುವಷ್ಟು. ಕೋಳಿಗಳು 23ನೆಯ ದಿನಕ್ಕೆ ಬಿದ್ದದ್ದು ಏಕೆಂದು ಈಗ ತಿಳಿಯುತ್ತದೆ. 1936ರಲ್ಲಿ ಇದನ್ನು ಪ್ರಯೋಗಾಲಯದಲ್ಲೇ ತಯಾರಿಸುವ ದಾರಿ ತೋರಿದವರು ರಾಬರ್ಟ್ ವಿಲಿಯಮ್ಸ್. ಅವರು ಅಮೆರಿಕದವರಾದರೂ ಹುಟ್ಟಿದ್ದು ನಮ್ಮ ಪಕ್ಕದ ಆಂಧ್ರದ ನೆಲ್ಲೂರಿನಲ್ಲಿ.

1929ರ ನೊಬೆಲ್ ಪ್ರಶಸ್ತಿಯನ್ನು ಐಕ್‌ಮನ್ ಅವರಿಗೆ ಇಂಗ್ಲೆಂಡಿನ ಹಾಪ್ಕಿನ್ಸ್ ಅವರ ಜೊತೆ ಹಂಚಿ ಕೊಟ್ಟರು. ಗ್ರೈನ್ಸ್ ಅವರ ಹೆಸರು ಅದರಲ್ಲಿ ಇರಲಿಲ್ಲ. ಪ್ರಶಸ್ತಿ ತೆಗೆದುಕೊಳ್ಳಲು ಸ್ಟಾಕ್‌ಹೋಮಿಗೆ ಹೋಗುವಷ್ಟು ಶಕ್ತಿ ಐಕ್‌ಮನ್ ಅವರಿಗೂ ಉಳಿದಿರಲಿಲ್ಲ. 1930ರ ನವೆಂಬರ್ 5ರಂದು ಉಟ್ರೆಕ್ಟಿನಲ್ಲಿ ತೀರಿಕೊಂಡರು. ಜಕಾರ್ತಾದ ಆ ಸಂಸ್ಥೆಗೆ ಮುಂದೆ ಅವರ ಹೆಸರನ್ನೇ ಇಟ್ಟರು.

ನಮ್ಮ ತಟ್ಟೆ

ಬೆರಿಬೆರಿ ದೂರದ ಜಾವಾದ ರೋಗ ಮಾತ್ರವಲ್ಲ. ಆಗ ನಮ್ಮ ಬಳ್ಳಾರಿ ಜಿಲ್ಲೆ ಸೇರಿದ್ದ ಮದ್ರಾಸ್ ಪ್ರಾಂತ್ಯದ ತೆಲುಗು ಕರಾವಳಿಯಲ್ಲಿ ಅದು ಬಹಳ ಇತ್ತು. ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಅದರ ಬಗ್ಗೆಯೇ ಸಂಶೋಧನೆ ಮಾಡಿದರು. ಆ ಸಂಸ್ಥೆಯೇ ಆಮೇಲೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ನಮ್ಮ ಕಡೆ ಹಿಂದೆ ಜೋಳದ ರೊಟ್ಟಿ, ಸಜ್ಜೆ, ನವಣೆಯೇ ಊಟ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆದ ಮೇಲೆ ಕಾಲುವೆ ನೀರು ಬಂತು, ಭತ್ತ ಬಂತು. ತಾವು ಚಿಕ್ಕವರಿದ್ದಾಗ ಬಿಳಿ ಅನ್ನ ಎಂದರೆ ಹಬ್ಬದ ಊಟವಾಗಿತ್ತು ಎಂದು ದಾದಿ ಈಗಲೂ ಹೇಳುತ್ತಾರೆ. ಬೇಳೆ, ಸೊಪ್ಪು, ಮೊಟ್ಟೆ, ರೊಟ್ಟಿ ಜೊತೆಗಿದ್ದರೆ ಬಿಳಿ ಅನ್ನದಿಂದ ಹೆದರಬೇಕಿಲ್ಲ. ಅನ್ನ ಬಿಟ್ಟು ಬೇರೇನೂ ಇಲ್ಲದ ತಟ್ಟೆಗೆ ಹೆದರಬೇಕು. ಬಟೇವಿಯಾದ ಕೋಳಿಗಳು ಕೂಡಿಹಾಕಿದ ಕೋಳಿಗಳು, ಹಾಕಿದ್ದನ್ನಷ್ಟೇ ತಿನ್ನಬೇಕಿತ್ತು. ದಾದಿಯ ಕೋಳಿಗಳಂತೆ ತಿಪ್ಪೆ ಕೆದರಿ ಹುಳ, ಹುಲ್ಲು ಹೆಕ್ಕಿ ತಿನ್ನುವ ಸ್ವಾತಂತ್ರ್ಯ ಅವಕ್ಕೆ ಇರಲಿಲ್ಲ.

ನಮ್ಮ ಹಿತ್ತಲು

ಈಗ ನಮ್ಮ ಕೋಳಿಗಳ ಕಥೆ. ಐದನೆಯದು ಸತ್ತ ದಿನ ಅಬ್ಬಾ ಅದನ್ನು ಚೀಲದಲ್ಲಿ ಹಾಕಿಕೊಂಡು ಪಶು ವೈದ್ಯರ ಬಳಿ ಹೋದರು. ನಾನೂ ಹೋದೆ. ವೈದ್ಯರು ಮೊದಲು ಕೋಳಿಯನ್ನು ಮುಟ್ಟಲಿಲ್ಲ, ನಮ್ಮನ್ನು ಕೇಳಿದರು. ಮೊದಲನೆಯದು ಯಾವತ್ತು ಸತ್ತಿತು, ಏನು ಹಾಕುತ್ತೀರಿ, ಹಿಕ್ಕೆ ಯಾವ ಬಣ್ಣ, ಕುತ್ತಿಗೆ ತಿರುಚುತ್ತಿತ್ತೇ, ಬಾಯಿ ತೆರೆದು ಉಸಿರಾಡುತ್ತಿತ್ತೇ, ಹೊಸ ಕೋಳಿ ತಂದಿದ್ದೀರಾ. ಕೊನೆಯ ಪ್ರಶ್ನೆಗೆ ನನ್ನ ಬಾಯಿ ಒಣಗಿತು. ಹತ್ತು ದಿನ ಮುಂಚೆ ಸಂತೆಯಿಂದ ಹೊಸ ಹೇಂಟೆಯನ್ನು ಹಟ ಮಾಡಿ ಕೊಂಡುತಂದವನು ನಾನೇ, ಅದೂ ದಾದಿಯ ಡಬ್ಬಿಯ ದುಡ್ಡಿನಲ್ಲಿ. ಮೊದಲು ಸತ್ತದ್ದು ಅದೇ. ದಾರಿಯ ಬಿಸಿಲಿಗೆ ಹೋಯಿತು ಎಂದುಕೊಂಡಿದ್ದೆವು.

ವೈದ್ಯರು ಹೊಟ್ಟೆ ಸೀಳಿ ಒಳಗಿನ ರಕ್ತದ ಚುಕ್ಕೆಗಳನ್ನು ತೋರಿಸಿದರು. ಇದು ವಿಷವಲ್ಲ, ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಎಂದರು. ಅದು ವೈರಸ್‌ನಿಂದ ಬರುವ ಅಂಟುರೋಗ. ಬಂದ ಮೇಲೆ ಔಷಧಿ ಇಲ್ಲ, ಬರುವ ಮುಂಚೆ ಲಸಿಕೆ ಇದೆ. ಆಮೇಲೆ ಓದಿ ತಿಳಿದದ್ದು, ಈ ರೋಗ ಮೊದಲು ದಾಖಲಾದದ್ದು 1926ರಲ್ಲಿ, ಅದೇ ಜಾವಾ ದ್ವೀಪದಲ್ಲಿ. ಅದೇ ವರ್ಷ ಅಲ್ಲಿಯೇ ತೌಡಿನ ಹರಳೂ ಸಿಕ್ಕಿತು. ಐಕ್‌ಮನ್ ಅವರು ಅಂಟುರೋಗ ಎಂದುಕೊಂಡರು, ಕಾರಣ ಮೇವಿನಲ್ಲಿತ್ತು. ನಾನು ಮೇವಿನಲ್ಲಿ ವಿಷ ಎಂದುಕೊಂಡೆ, ಕಾರಣ ಅಂಟುರೋಗವಾಗಿತ್ತು. ಉತ್ತರ ಒಂದೊಂದು ಹಿತ್ತಲಿಗೂ ಬೇರೆ ಇರಬಹುದು, ಕೇಳಬೇಕಾದ ಪ್ರಶ್ನೆಗಳು ಮಾತ್ರ ಒಂದೇ.

ಮನೆಯಲ್ಲಿ ಕೋಳಿ ಸಾಕುವ ಗೆಳೆಯರಿಗೆ ವೈದ್ಯರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆಯೇ ಇಡಬೇಕು. ಮಂಕಾದ ಕೋಳಿಯನ್ನು ಕೂಡಲೇ ಬೇರೆ ಮಾಡಬೇಕು. ಸತ್ತದ್ದನ್ನು ತಿಪ್ಪೆಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಚೆನ್ನಾಗಿರುವಾಗಲೇ ಲಸಿಕೆ ಹಾಕಿಸಬೇಕು. ಮತ್ತು ತಾರೀಖು ಬರೆದಿಡಬೇಕು.

ಕಾರಣ ತಿಳಿದ ಮೇಲೂ ಪಕ್ಕದ ಮನೆಗೆ ಹೋಗಿ ಹೇಳಲು ನಮ್ಮಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಹೋಗಬೇಕಾದವನು ನಾನು. ಎರಡು ತಿಂಗಳು ತಲೆ ತಗ್ಗಿಸಿ ಅವರ ಬಾಗಿಲು ದಾಟಿ ಬಸ್ಸಿಗೆ ಹೋದೆ. ಐಕ್‌ಮನ್ ಅವರ ಬಗ್ಗೆ ಓದಿದ ವಾರ ಉಳಿದ ಎರಡು ಹೇಂಟೆಗಳಲ್ಲಿ ಒಂದು ಮತ್ತೆ ಮೊಟ್ಟೆ ಇಡಲು ಶುರು ಮಾಡಿತು. ದಾದಿ ಏನೂ ಹೇಳದೆ ನಾಲ್ಕು ಮೊಟ್ಟೆಗಳನ್ನು ಬಟ್ಟಲಿನಲ್ಲಿಟ್ಟು ನನ್ನ ಕೈಗೆ ಕೊಟ್ಟು, ಗೋಡೆಯ ಕಡೆ ನೋಡಿದರು.

ಹೋದೆ. ತಪ್ಪು ನನ್ನದೇ, ರೋಗದ ಕೋಳಿ ತಂದವನೂ ನಾನೇ ಎಂದು ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೊಟ್ಟೆ ತಾವು ತಿನ್ನುವುದಿಲ್ಲ ಎಂಬುದೂ ಮರೆತುಹೋಯಿತೇನು ಎಂದು ಕೇಳಿದರು. ನನಗೆ ನಿಜವಾಗಿಯೂ ಮರೆತುಹೋಗಿತ್ತು. ಆಮೇಲೆ ಮೊಟ್ಟೆಗಳನ್ನು ಬಟ್ಟಲಿನಲ್ಲೇ ಬಿಟ್ಟು, ಮೇಲೊಂದು ಕಟ್ಟು ಕೊತ್ತಂಬರಿ ಇಟ್ಟು ವಾಪಸು ಕಳಿಸಿದರು.

ಈಗ ದಾದಿಯ ಡಬ್ಬಿಯ ಪಕ್ಕದಲ್ಲಿ ನನ್ನದೊಂದು ಹಳೆಯ ನೋಟ್‌ಬುಕ್ ಇದೆ. ಎಷ್ಟು ಮೊಟ್ಟೆ, ಎಷ್ಟು ನುಚ್ಚು, ಯಾವ ದಿನ ಲಸಿಕೆ ಎಂದು ಬರೆಯುತ್ತೇನೆ. ಮೊದಲ ಪುಟದಲ್ಲಿ, ಸಂತೆಯಿಂದ ಹೇಂಟೆ ತಂದ ತಾರೀಖನ್ನು ನೆನಪಿನಿಂದ ಬರೆದಿಟ್ಟಿದ್ದೇನೆ.